ಚೆಂಡು ಹೊರಡುವ ಮೊದಲೇ ಬೆಲೊಡೆಡಿಚ್

ರೊಮೇನಿಯಾದ ಫುಟ್‌ಬಾಲ್ ಡಿಫೆಂಡರ್ ಮಿಯೊಡ್ರಾಗ್ ಬೆಲೊಡೆಡಿಚ್ ಆಡಿದ ಹಳೆಯ ಪಂದ್ಯವೊಂದರ ವಿಡಿಯೊ ಸಿಕ್ಕರೆ, ಚೆಂಡನ್ನು ಬಿಟ್ಟು ಅವರನ್ನಷ್ಟೇ ನೋಡಿ. ಎದುರಾಳಿ ಪಾಸ್ ಕೊಡಲು ಕಾಲೆತ್ತುವಷ್ಟರಲ್ಲಿ ಇವರು ಎರಡು ಹೆಜ್ಜೆ ಜರುಗಿರುತ್ತಾರೆ. ಅಭಿಮಾನಿಗಳು ಅವರನ್ನು ಜಿಂಕೆ ಎಂದು ಕರೆಯುತ್ತಿದ್ದರು. ನನ್ನನ್ನು ಕೇಳಿದರೆ, ಕಾಲಿಗಿಂತ ಜಾಸ್ತಿ ಓಡುತ್ತಿದ್ದದ್ದು ತಲೆ.

ಕಣ್ಣಿಗೆ ಕಂಡದ್ದಕ್ಕೆ ಮೈ ಅಲುಗಲು ಸುಮಾರು 0.2 ಸೆಕೆಂಡ್ ಬೇಕು. ಗಂಟೆಗೆ 70 ಕಿ.ಮೀ. ವೇಗದ ಪಾಸ್ ಅಷ್ಟರಲ್ಲಿ ಸುಮಾರು 4 ಮೀಟರ್ ಸಾಗಿರುತ್ತದೆ. ಚೆಂಡು ನೋಡಿಕೊಂಡು ಹೊರಟರೆ ತಡವಾಯಿತು, ಅಲ್ವಾ? ಸಂಶೋಧಕರು ಇದನ್ನು ಹೀಗೆ ಪರೀಕ್ಷಿಸುತ್ತಾರೆ: ಕಾಲು ಚೆಂಡಿಗೆ ತಗಲುವ ಕ್ಷಣಕ್ಕೆ ವಿಡಿಯೊ ನಿಲ್ಲಿಸಿ, ಚೆಂಡು ಎತ್ತ ಹೋಗುತ್ತದೆ ಎಂದು ಕೇಳುವುದು. ಪಳಗಿದ ಆಟಗಾರರು ಹೊಸಬರಿಗಿಂತ ಜಾಸ್ತಿ ಸಲ ಸರಿಯಾಗಿ ಹೇಳುತ್ತಾರೆ. ಊರಿದ ಪಾದದ ದಿಕ್ಕು, ಸೊಂಟದ ತಿರುವು, ಜೊತೆಗಾರ ಓಡತೊಡಗಿದ ಜಾಗ ಅವರಿಗೆ ಸುಳಿವು. ಕಣ್ಣು ಚುರುಕಾಗಿದೆ ಅಂತಲ್ಲ, ಆಡಿ ಆಡಿ ಇಂಥವು ತಲೆಯಲ್ಲಿ ಕೂತಿರುತ್ತವೆ.

ಬೆಲೊಡೆಡಿಚ್ ಆಡುತ್ತಿದ್ದದ್ದು ಸ್ವೀಪರ್ ಜಾಗದಲ್ಲಿ. ಉಳಿದ ಡಿಫೆಂಡರ್‌ಗಳ ಹಿಂದೆ ನಿಂತು, ಅವರನ್ನು ದಾಟಿ ಬಂದದ್ದನ್ನೆಲ್ಲ ಗುಡಿಸುವ ಕೆಲಸ. 1986ರಲ್ಲಿ ಬುಕಾರೆಸ್ಟಿನ ಸ್ಟೆವಾ ತಂಡದ ಜೊತೆ ಯುರೋಪಿನ ಕ್ಲಬ್‌ಗಳ ದೊಡ್ಡ ಪಂದ್ಯಾವಳಿಯಾದ ಯುರೋಪಿಯನ್ ಕಪ್ ಗೆದ್ದರು. ಸೆರ್ಬ್ ಮೂಲದವರು, 1988ರಲ್ಲಿ ರೊಮೇನಿಯಾದ ಸರ್ವಾಧಿಕಾರಿ ಚೌಷೆಸ್ಕು ಆಳ್ವಿಕೆಯಿಂದ ತಪ್ಪಿಸಿಕೊಂಡು ಯುಗೊಸ್ಲಾವಿಯಾ ಸೇರಿದರು. ಇತ್ತ ದೇಶದ್ರೋಹಿ ಎಂಬ ಪಟ್ಟ. ಅತ್ತ ಬೆಲ್‌ಗ್ರೇಡಿನ ರೆಡ್ ಸ್ಟಾರ್ ತಂಡದಲ್ಲಿ 1991ರಲ್ಲಿ ಅದೇ ಕಪ್ ಮತ್ತೊಮ್ಮೆ. ಎರಡು ಬೇರೆ ಕ್ಲಬ್‌ಗಳ ಪರ ಫೈನಲ್ ಆಡಿ ಅದನ್ನು ಗೆದ್ದ ಮೊದಲಿಗರು ಅವರೇ.

ಪೆನಾಲ್ಟಿಯಲ್ಲಿ ಮಾತ್ರ ಪಾತ್ರ ಅದಲುಬದಲು: ಒದೆಯಲು ನಿಂತ ಡಿಫೆಂಡರ್‌ನ ಸುಳಿವನ್ನು ಗೋಲ್‌ಕೀಪರ್ ಓದುತ್ತಾನೆ. 11 ಮೀಟರ್ ದೂರ, ಗಂಟೆಗೆ 100 ಕಿ.ಮೀ. ವೇಗ ಎಂದರೆ ಚೆಂಡು ಗೋಲು ತಲುಪಲು 0.4 ಸೆಕೆಂಡ್. ಒದೆಯುವವನ ಸೊಂಟ, ಪಾದ ನೋಡಿಯೇ ಗೋಲ್‌ಕೀಪರ್ ಹಾರಬೇಕು. 1986ರ ಫೈನಲ್ ಸಮವಾಗಿ ಪೆನಾಲ್ಟಿಗೆ ಹೋದಾಗ ಸ್ಟೆವಾದ ಗೋಲ್‌ಕೀಪರ್ ದುಕಾಡಾಮ್ ಬಾರ್ಸಿಲೋನಾದ ನಾಲ್ಕೂ ಒದೆತಗಳನ್ನು ತಡೆದದ್ದು ಸುಮ್ನೆ ಅದೃಷ್ಟವೇನಲ್ಲ. 1991ರಲ್ಲಿ ಇಟಲಿಯ ಬಾರಿ ನಗರದಲ್ಲಿ ನಡೆದ ಫೈನಲ್‌ನಲ್ಲಿ ಬೆಲೊಡೆಡಿಚ್ ಒದ್ದದ್ದು ಗೋಲಾಯಿತು. 1994ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಅವರ ಒದೆತವನ್ನು ಸ್ವೀಡನ್ನಿನ ರಾವೆಲ್ಲಿ ತಡೆದರು. ರೊಮೇನಿಯಾ ಮನೆಗೆ ಹೊರಟಿತು.

ಎಲ್ಲರಿಗಿಂತ ಹಿಂದೆ ನಿಂತ ಸ್ವೀಪರ್‌ನಿಂದಾಗಿ ಎದುರಾಳಿ ಫಾರ್ವರ್ಡ್‌ಗಳಿಗೆ ಆಫ್‌ಸೈಡ್ ಭಯವೇ ಇರುವುದಿಲ್ಲ. ಪಾಸ್ ಹೊರಡುವಾಗ ಕೊನೆಯ ಡಿಫೆಂಡರ್‌ನನ್ನು ದಾಟಿ ನಿಂತಿದ್ದರೆ ತಾನೇ ಆಫ್‌ಸೈಡ್ ತಪ್ಪು? ಡಿಫೆಂಡರ್‌ಗಳು ಒಂದೇ ಸಾಲಿನಲ್ಲಿ ಮುಂದೆ ಬಂದು ಆಫ್‌ಸೈಡ್ ಬಲೆ ಹಾಕುವ ಪದ್ಧತಿ ಹೆಚ್ಚಿದಂತೆ ಆ ಜಾಗವೇ ಮಾಯವಾಯಿತು. ಬೆಲೊಡೆಡಿಚ್ ಮಾತ್ರ 2000ದ ಯುರೋ ಕಪ್‌ಗೂ ರೊಮೇನಿಯಾ ತಂಡದಲ್ಲಿದ್ದರು, 36ನೇ ವಯಸ್ಸಿನಲ್ಲಿ.