ಫೋನಿಗೆ ಸಿಗ್ನಲ್ ಇದೆ, ಕ್ಯಾರವಾನಿನ ಅಲಾರಂಗೆ ಯಾಕಿಲ್ಲ?

ಕ್ಯಾರವಾನ್ ಎಂದರೆ ಚಕ್ರದ ಮೇಲಿನ ಮನೆ. ಅದರ ಅಲಾರಂ ಮೊಬೈಲ್ ನೆಟ್‌ವರ್ಕಿನ ಮೂಲಕ ಮಾಲೀಕರಿಗೆ ಕರೆಯನ್ನೋ ಸಂದೇಶವನ್ನೋ ಕಳುಹಿಸುತ್ತದೆ. ಕೈಯಲ್ಲಿರುವ ಫೋನು ನಾಲ್ಕೂ ಕಡ್ಡಿ ತೋರಿಸುತ್ತಿದ್ದರೆ ಈ ಅಲಾರಂಗೂ ಸಿಗ್ನಲ್ ಇದ್ದೇ ಇರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಇದು ಅಪಾಯದ ನಂಬಿಕೆ. ಅಲಾರಂಗೆ ಸಿಗ್ನಲ್ ಇಲ್ಲದಿದ್ದರೆ, ಬೀಗ ಒಡೆದರೂ ಗ್ಯಾಸ್ ಸೋರಿದರೂ ಮಾಲೀಕರಿಗೆ ಸುದ್ದಿಯೇ ಮುಟ್ಟುವುದಿಲ್ಲ. ಅಲಾರಂನ ಮೋಡೆಮ್ಮಿಗೆ (ನೆಟ್‌ವರ್ಕಿನ ಜೊತೆ ಮಾತಾಡುವ ಭಾಗಕ್ಕೆ) ಆ ಊರಿನ ನೆಟ್‌ವರ್ಕಿನ ತಲೆಮಾರು (2ಜಿ, 3ಜಿ, 4ಜಿ) ಗೊತ್ತಿರಬೇಕು, ಬ್ಯಾಂಡ್ (ಅದು ಬಳಸುವ ರೇಡಿಯೊ ತರಂಗಗಳ ಪಟ್ಟಿ) ಹೊಂದಬೇಕು, ಸಿಮ್‌ಗೆ ಅಲ್ಲಿ ಪ್ರವೇಶ ಇರಬೇಕು. ಫೋನಿಗೆ ಇವು ಮೂರೂ ಇವೆ ಎಂದಮಾತ್ರಕ್ಕೆ ಅಲಾರಂಗೂ ಇರಬೇಕೆಂದಿಲ್ಲ.

1991ರಲ್ಲಿ ಫಿನ್ಲೆಂಡ್‌ನಲ್ಲಿ ಶುರುವಾದ 2ಜಿ ಜಿಎಸ್‌ಎಂ ಎಷ್ಟು ಕಾಲ ಬಾಳಿತೆಂದರೆ, ಅಲಾರಂ ತಯಾರಕರು ಅದನ್ನು ಶಾಶ್ವತವೆಂದೇ ಬಗೆದರು. ಅಮೆರಿಕದ ಮೊಬೈಲ್ ಕಂಪನಿ ಎಟಿ ಅಂಡ್ ಟಿ 2017ರ ಹೊಸ ವರ್ಷಕ್ಕೆ 2ಜಿ ನಿಲ್ಲಿಸಿತು, 2022ರ ಫೆಬ್ರುವರಿಯಲ್ಲಿ 3ಜಿಯನ್ನೂ ನಿಲ್ಲಿಸಿತು. ಜರ್ಮನಿ 2021ರಲ್ಲಿ 3ಜಿ ಮುಚ್ಚಿ, ಹಳೆಯ 2ಜಿಯನ್ನು ಉಳಿಸಿಕೊಂಡಿತು. ಆಸ್ಟ್ರೇಲಿಯಾದಲ್ಲಿ ಮೊದಲು 2ಜಿ, 2024ರಲ್ಲಿ 3ಜಿ, ಹೀಗೆ ಎರಡೂ ಹೋದವು. ಇದರಿಂದ ವಿಚಿತ್ರ ಫಲ: 2ಜಿ ಅಲಾರಂಗೆ ಜರ್ಮನಿಯಲ್ಲಿ ಇನ್ನೂ ದಾರಿ ಉಳಿಯಿತು, ಆಸ್ಟ್ರೇಲಿಯಾದಲ್ಲಿ ಬಾಯಿ ಕಟ್ಟಿತು.

"ನಮ್ಮದು 4ಜಿ ಅಲಾರಂ" ಎನ್ನುವವರೂ ನಿಶ್ಚಿಂತರಾಗಿರುವಂತಿಲ್ಲ. 2ಜಿಯಲ್ಲಿ ಕರೆ ಎಂದರೆ ಇಬ್ಬರ ನಡುವೆ ಮೀಸಲಾದ ಒಂದು ಹಾದಿ. 4ಜಿಯಲ್ಲಿ ಅಂಥ ಹಾದಿಯೇ ಇಲ್ಲ, ಇರುವುದೆಲ್ಲ ಡೇಟಾ ಪ್ಯಾಕೆಟ್. ಹಾಗಾಗಿ ವೋಲ್ಟ್‌ಇ (VoLTE, 4ಜಿಯ ಡೇಟಾದಲ್ಲೇ ಕರೆ ಸಾಗಿಸುವ ವಿಧಾನ) ಇಲ್ಲದ 4ಜಿ ಮೋಡೆಮ್ ಕರೆ ಮಾಡಬೇಕಾದಾಗ 3ಜಿಗೋ 2ಜಿಗೋ ಇಳಿಯುತ್ತದೆ. ವಾಸ ಮಹಡಿಯಲ್ಲಿ, ಮಾತಿಗೆ ಮಾತ್ರ ಕೆಳಮನೆ ಎಂದಿಟ್ಟುಕೊಳ್ಳಿ. ಕೆಳಮನೆ ಕೆಡವಿದ ದಿನ ಮಾತು ನಿಂತಿತು, ವಾಸವೇನೋ ಮುಂದುವರಿಯಿತು. ಎಸ್ಸೆಮ್ಮೆಸ್ ಕಥೆ ಬೇರೆ: ಅದು ನಿಯಂತ್ರಣ ಸಂಕೇತಗಳ ಜೊತೆಗೇ ಸಾಗಬಲ್ಲದು, ಕೆಳಗಿಳಿಯಬೇಕಿಲ್ಲ. ಸಂದೇಶ ಬರುತ್ತಿದೆ, ಕರೆ ಬರುತ್ತಿಲ್ಲ ಎಂದರೆ ಮೊದಲು ವೋಲ್ಟ್‌ಇಯನ್ನೇ ಶಂಕಿಸಿ. ಮೋಡೆಮ್ಮಿನಲ್ಲಿ ವೋಲ್ಟ್‌ಇ ಇದ್ದರೆ ಸಾಲದು, ಆ ಮಾದರಿಗೆ ಆಪರೇಟರ್ ಅದನ್ನು ಬಳಸಲು ಅನುಮತಿ ಕೊಟ್ಟಿರಲೂ ಬೇಕು.

ಎನ್‌ಬಿ-ಐಒಟಿ (NB-IoT, ಸಣ್ಣ ಉಪಕರಣಗಳು ಅಲ್ಪ ಡೇಟಾ ಕಳುಹಿಸಲೆಂದೇ ಮಾಡಿದ ಬಗೆ) ಮೋಡೆಮ್ ಗೋಡೆಗೆ ಕೂರಿಸಿದ ಮೀಟರಿಗೆ ಚೆನ್ನ. ಅದರಲ್ಲಿ ಧ್ವನಿ ಕರೆ ಇಲ್ಲ, ಸಂಪರ್ಕದ ನಡುವೆ ಒಂದು ಟವರಿನಿಂದ ಇನ್ನೊಂದಕ್ಕೆ ದಾಟಿಸುವ ವ್ಯವಸ್ಥೆಯನ್ನೂ ಮೂಲದಲ್ಲೇ ಕೈಬಿಟ್ಟಿದ್ದಾರೆ. ಓಡುವ ಗಾಡಿಗೆ ಎಲ್‌ಟಿಇ-ಎಂ (LTE-M) ಅಥವಾ ಕ್ಯಾಟ್-1 (Cat-1) ಎಂಬ ಕಡಿಮೆ ವೇಗದ 4ಜಿ ಬಗೆಗಳು ಮೇಲು. ಬ್ಯಾಂಡ್ ಪಟ್ಟಿಯಲ್ಲಿ 1000 ಮೆಗಾಹರ್ಟ್ಸ್‌ಗಿಂತ ಕೆಳಗಿನವನ್ನು ಹುಡುಕಿ, ದೂರದ ಹಳ್ಳಿಗಾಡನ್ನು ಮುಟ್ಟುವುದು ಅವೇ. ಯೂರೋಪಿಗೆ ಬ್ಯಾಂಡ್ 20, ಅಮೆರಿಕಕ್ಕೆ 12 ಮತ್ತು 13 ಮುಖ್ಯ.

ಅಲಾರಂ ನೆಟ್‌ವರ್ಕಿಗೆ ಸೇರಿದೆಯೇ ಎಂದು ತಿಳಿಯಲು 4ಜಿ ಮೋಡೆಮ್ಮಿಗೆ ಎಟಿ+ಸಿಇಆರ್‌ಇಜಿ? (AT+CEREG?) ಎಂಬ ಆಜ್ಞೆ ಕೊಟ್ಟರೆ ಎರಡು ಅಂಕಿ ಬರುತ್ತವೆ. ಎರಡನೆಯದನ್ನು ನೋಡಿ. 1 ಅಥವಾ 5 ಇದ್ದರೆ ನೋಂದಣಿಯಾಗಿದೆ, 5 ಎಂದರೆ ರೋಮಿಂಗ್. 2 ಬಂದರೆ ಇನ್ನೂ ಹುಡುಕುತ್ತಿದೆ: ಆಂಟೆನಾ, ಬ್ಯಾಂಡ್ ಪರೀಕ್ಷಿಸಿ. 3 ಬಂದರೆ ನೆಟ್‌ವರ್ಕೇ ನಿರಾಕರಿಸಿದೆ. ಆಗ ಎಂಥ ಆಂಟೆನಾ ಹಾಕಿದರೂ ವ್ಯರ್ಥ, ಸಿಮ್‌ನ ಯೋಜನೆ ನೋಡಬೇಕು.

ಅಲ್ಯೂಮಿನಿಯಂ ಹೊದಿಕೆಯ ಗಾಡಿಯಲ್ಲಿ ಆಂಟೆನಾ ಕಪಾಟಿನೊಳಗಿದ್ದರೆ ತಗಡು ಸಿಗ್ನಲನ್ನು ತಡೆಯುತ್ತದೆ. ಚಾವಣಿಯ ಮೇಲೆ ಅಥವಾ ಕಿಟಕಿ ಗಾಜಿಗೆ ಒತ್ತಿ ಇಡಿ. 2ಜಿ ಮೋಡೆಮ್ ಕ್ಷೀಣ ಸಿಗ್ನಲ್‌ನಲ್ಲಿ ಕಳುಹಿಸುವಾಗ ಕ್ಷಣಕಾಲ 2 ಆಂಪಿಯರ್‌ವರೆಗೆ ಎಳೆಯಬಹುದು. ಅದಕ್ಕೆ ನೇರವಾಗಿ ವಿದ್ಯುತ್ ಕೊಡುವ ತಂತಿ ಉದ್ದ, ಸಣಕಲು ಆಗಿದ್ದರೆ ವೋಲ್ಟೇಜ್ ಕುಸಿದು, ಸಂದೇಶ ಹೊರಡುವ ಹೊತ್ತಿಗೇ ಮೋಡೆಮ್ ರೀಸೆಟ್ ಆಗುತ್ತದೆ. ಸುಮ್ಮನಿದ್ದಾಗ ಹಸಿರು ದೀಪ ಉರಿಯುತ್ತಲೇ ಇರುವುದರಿಂದ ಈ ದೋಷ ಪತ್ತೆಯಾಗುವುದು ನಿಜವಾಗಿ ಬಾಗಿಲು ತೆರೆದು ಅಲಾರಂ ಹೊಡೆಸಿದಾಗ ಮಾತ್ರ.