ಪದ ಪರಿಚಯ: ಫೌಂಡ್ ಫುಟೇಜ್

ಮೊನ್ನೆ ಗೆಳೆಯರೊಬ್ಬರು ಪ್ಯಾಲೆಸ್ಟೀನ್ ಸಿನಿಮಾಗಳ ಒಂದು ಪಟ್ಟಿ ಕಳಿಸಿದ್ದರು. ನಿರ್ದೇಶಕ ಕಮಾಲ್ ಅಲ್ಜಾಫರಿ ಅವರ ಹೆಸರಿನ ಮುಂದೆ 'ಫೌಂಡ್ ಫುಟೇಜ್ ಶೈಲಿ' ಅಂತ ಬರೆದಿತ್ತು. ಅದನ್ನು ನೋಡಿದ ಇನ್ನೊಬ್ಬರು ಕೇಳಿದ ಪ್ರಶ್ನೆ: 'ಹಾರರ್ ಅಲ್ವಾ? ಮಕ್ಕಳ ಜೊತೆ ನೋಡಬಹುದಾ?' ಹೀಗೆ ಕೇಳಿದ್ದು ಇವರೇ ಮೊದಲಿಗರಲ್ಲ, ಅದಕ್ಕೇ ಬರೆಯಲು ಕೂತೆ. ಕೇಳಿದವರದ್ದು ತಪ್ಪೇನಿಲ್ಲ. 'ಶೈಲಿ' ಅಂತ ಸೇರಿಸಿದ್ದೇ ತಪ್ಪು.

ಹಾರರ್‌ನಲ್ಲಿ ಅದು ನಿಜವಾಗಿ ಶೈಲಿಯೇ. ಕಾಡಿನಲ್ಲಿ ಕಾಣೆಯಾದವರ ಕ್ಯಾಮೆರಾ ಸಿಕ್ಕಿತು, ಅದರಲ್ಲಿದ್ದದ್ದು ಇದೇ ಎಂದು ನಂಬಿಸುತ್ತಾರೆ. ಎಲ್ಲವನ್ನೂ ಹೊಸದಾಗಿ ಶೂಟ್ ಮಾಡಿರುತ್ತಾರೆ. 1999ರಲ್ಲಿ 'ದ ಬ್ಲೇರ್ ವಿಚ್ ಪ್ರಾಜೆಕ್ಟ್' ಗೆದ್ದ ಮೇಲಂತೂ ಈ ಅರ್ಥವೇ ಎಲ್ಲರ ಬಾಯಲ್ಲಿ ನಿಂತುಬಿಟ್ಟಿತು. ಪ್ರಯೋಗಾತ್ಮಕ ಸಿನಿಮಾದವರು ಇದೇ ಮಾತನ್ನು ಬೇರೆ ಕೆಲಸಕ್ಕೆ ಬಳಸುತ್ತಾರೆ. ಇನ್ಯಾರೋ ಇನ್ಯಾವುದೋ ಕಾರಣಕ್ಕೆ ತೆಗೆದ ದೃಶ್ಯಗಳನ್ನು ತಂದು, ಕತ್ತರಿಸಿ, ಜೋಡಿಸಿ ಬೇರೆಯದೇ ಸಿನಿಮಾ ಕಟ್ಟುವುದು. ರಷ್ಯಾದ ಎಸ್ಫಿರ್ ಶೂಬ್ ಇದನ್ನು 1927ರಲ್ಲೇ ಮಾಡಿದ್ದರು.

ನನಗೆ ತೊಡಕು ಕಾಣುವುದು 'ಫೌಂಡ್' ಎಂಬ ಮಾತಿನಲ್ಲಿ. ಅದರ ಹಿಂದೆ ಫ್ರೆಂಚಿನ 'ಒಬ್ಜೆ ತ್ರುವೆ' ಇದೆ. ಸಿಕ್ಕ ವಸ್ತು ಎಂದರ್ಥ. ಸಂತೆಯಲ್ಲೋ ಬೀದಿಯಲ್ಲೋ ಸಿಕ್ಕಿದ್ದನ್ನು ಕಲಾವಿದ ಎತ್ತಿಕೊಂಡು ಬಂದು ಕಲೆ ಎಂದು ಇಡುತ್ತಾನೆ. ಯಾರದ್ದು ಅಂತ ಕೇಳುವವರಿಲ್ಲದ ವಸ್ತು. ಕನ್ನಡದಲ್ಲಿ 'ಸಿಕ್ಕು' ಇದಕ್ಕಿಂತ ಹುಷಾರಿನ ಪದ. ಪೇಟೆಯಲ್ಲಿ ಹೂ ಸಿಕ್ಕಿತು ಅಂತೀವಿ, ಬಲೆಗೆ ಮೀನು ಸಿಕ್ಕಿತು ಅಂತಲೂ ಅಂತೀವಿ. ಬಾಚದ ಕೂದಲು ಸಿಕ್ಕಾಗುತ್ತದೆ. ಸಿಕ್ಕು, ಸಿಲುಕು ಒಂದೇ ಬಳಗದವು. ಹೂ ತಂದವರ ಖುಷಿಗೂ ಬಲೆಗೆ ಬಿದ್ದ ಮೀನಿನ ಪಾಡಿಗೂ ನಮ್ಮಲ್ಲಿ ಒಂದೇ ಕ್ರಿಯಾಪದ. ಅಲ್ಜಾಫರಿ ಅವರ ಸಿನಿಮಾ ನೋಡುವಾಗ ಈ ಎರಡೂ ಅರ್ಥ ಬೇಕಾಗುತ್ತವೆ.

ಅವರ 2015ರ 'ರಿಕಲೆಕ್ಷನ್' ನೋಡಿ. ಊರು ಯಾಫಾ, ಇಂಗ್ಲಿಷಿನವರ ಜಾಫಾ. 1948ಕ್ಕೆ ಮೊದಲು ಅಲ್ಲಿ ಸುಮಾರು 70,000 ಪ್ಯಾಲೆಸ್ಟೀನಿಯರಿದ್ದರು. ಪ್ಯಾಲೆಸ್ಟೀನಿಯರನ್ನು ಅವರ ಊರುಗಳಿಂದ ಓಡಿಸಿದ ಆ ದುರಂತವನ್ನು ನಕ್ಬಾ ಅಂತಾರೆ. ಅದು ಮುಗಿಯುವ ಹೊತ್ತಿಗೆ ಉಳಿದವರು 4,000ದ ಆಸುಪಾಸು. ಅವರನ್ನೂ ಅಜಮಿ ಎಂಬ ಬಡಾವಣೆಗೆ ತಂದು ಸುತ್ತ ಬೇಲಿ ಹಾಕಿದರು. ಆಮೇಲೆ 1960ರ ದಶಕದಿಂದ 1990ರ ದಶಕದವರೆಗೆ ಇಸ್ರೇಲಿ ಮತ್ತು ಅಮೆರಿಕನ್ ಕಥಾಚಿತ್ರಗಳ ಶೂಟಿಂಗ್ ಅದೇ ಓಣಿಗಳಲ್ಲಿ ನಡೆಯಿತು. ಆ ಸಿನಿಮಾಗಳಿಗೆ ಯಾಫಾ ಬರೀ ಸೆಟ್ಟು. ಅಲ್ಲಿನ ಜನರಿಗೆ ಕಥೆಯಲ್ಲಿ ಜಾಗವಿರಲಿಲ್ಲ. ಆದರೆ ಕ್ಯಾಮೆರಾ ಬೇಕಾದ್ದು ಬೇಡದ್ದು ಎಲ್ಲವನ್ನೂ ಹಿಡಿಯುತ್ತದೆ. ಹೀರೋ ಹಿಂದೆ ಒಬ್ಬರು ರಸ್ತೆ ದಾಟುತ್ತಾರೆ. ದೂರದ ಕಿಟಕಿಯಲ್ಲಿ ಒಂದು ಮುಖ. ಫ್ರೇಮಿಗೆ ಸುಮ್ನೆ ಸಿಕ್ಕಿಬಿದ್ದವರು ಇವರು.

ಅಲ್ಜಾಫರಿ ಆ ಸಿನಿಮಾಗಳನ್ನೆಲ್ಲ ಕಲೆಹಾಕಿ, ಮುಂದೆ ನಿಂತ ನಟರನ್ನು ಕಂಪ್ಯೂಟರ್‌ನಲ್ಲಿ ಅಳಿಸಿದರು. ಉಳಿದದ್ದು ಗೋಡೆ, ಮೆಟ್ಟಿಲು, ಕಡಲು ಮತ್ತು ಹಿಂದಿದ್ದ ಆ ಜನ. ಅವರ ಹತ್ತಿರ ಹೋಗಿ ಹೋಗಿ ಚಿತ್ರ ಒಡೆದು ಚುಕ್ಕಿಗಳಾಗುತ್ತದೆ, ಆದರೂ ಅವರನ್ನು ಬಿಡುವುದಿಲ್ಲ. ಹಾಗೆ ಹುಡುಕುವಾಗ ಅಲ್ಜಾಫರಿಗೆ ತಮ್ಮದೇ ಮನೆತನದ ಹಿರಿಯರೊಬ್ಬರು ಸಿಕ್ಕರು. ಯಾರದ್ದೋ ಸಿನಿಮಾದ ಹಿಂಬದಿಯಲ್ಲಿ! ಇಷ್ಟು ವರ್ಷ ಆ ಫ್ರೇಮಿನಲ್ಲೇ ಇದ್ದರು, ನೋಡಿದವರು ಯಾರೂ ಇರಲಿಲ್ಲ. ಇದನ್ನು 'ಶೈಲಿ' ಅಂದರೆ ಬೇಜಾರಾಗದೆ ಇರುತ್ತದೆಯೇ?

ಇದರ ಜೊತೆಗೇ ಬರುವ ಇನ್ನೊಂದು ಸವೆದ ಮಾತು 'ಕಳೆದುಹೋದ ಮನೆ'. ಪೆನ್ನು ಕಳೆದುಹೋಗುತ್ತದೆ, ಕೊಡೆ ಕಳೆದುಹೋಗುತ್ತದೆ. ಮನೆ ಕಳೆದುಹೋಗುವುದು ಹೇಗೆ? ಯಾಫಾದಲ್ಲಿ ಎಷ್ಟೋ ಮನೆಗಳು ಇದ್ದಲ್ಲೇ ಇದ್ದವು, ಒಳಗಿದ್ದವರನ್ನು ಓಡಿಸಲಾಗಿತ್ತು. 1950ರಲ್ಲಿ ಇಸ್ರೇಲ್ ಕಾನೂನು ತಂದು ಇಂಥ ಮನೆ, ಜಮೀನನ್ನೆಲ್ಲ 'ಗೈರುಹಾಜರಾದವರ ಆಸ್ತಿ' ಎಂದು ಕರೆದು ತನ್ನ ವಶಕ್ಕೆ ತೆಗೆದುಕೊಂಡಿತು. ಪಕ್ಕದ ಊರಿನಲ್ಲೇ ಜೀವಂತ ಇದ್ದವರೂ ಕಾಗದದ ಮೇಲೆ ಗೈರುಹಾಜರು. ಇದಕ್ಕೆ ನಮ್ಮಲ್ಲಿ ಸರಿಯಾದ ಪದ ಇದೆಯಲ್ಲ: ಒಕ್ಕಲೆಬ್ಬಿಸುವುದು. ಎಬ್ಬಿಸಿದವರು ಯಾರು ಎಂಬ ಪ್ರಶ್ನೆ ಆ ಪದದೊಳಗೇ ಇದೆ. 'ಕಳೆದುಹೋದ' ಎಂದರೆ ಆ ಪ್ರಶ್ನೆಯನ್ನೇ ಅಳಿಸಿದ ಹಾಗೆ.

ಹೀಗೆ ಇನ್ನೊಬ್ಬರ ದೃಶ್ಯಗಳಿಂದ ಸಿನಿಮಾ ಕಟ್ಟುವ ಬೇರೆಯವರೂ ಇದ್ದಾರೆ. ರಜಾನ್ ಅಲ್‌ಸಲಾಹ್ 2017ರ ಕಿರುಚಿತ್ರದಲ್ಲಿ ಗೂಗಲ್ ಸ್ಟ್ರೀಟ್ ವ್ಯೂ ಚಿತ್ರಗಳಿಂದಲೇ ತಮ್ಮ ಅಜ್ಜಿಯನ್ನು ಅವರು ಬಿಟ್ಟುಬಂದ ಊರಾದ ಹೈಫಾಗೆ ಕರೆದುಕೊಂಡು ಹೋಗುತ್ತಾರೆ. ಬೇರೆ ದಾರಿ ಇರಲಿಲ್ಲ. ಅಲ್ಜಾಫರಿ ಅವರದೇ 2020ರ ಚಿತ್ರವೊಂದು, ರಾಮ್ಲೆಯ ಮನೆ ಮುಂದೆ ಅವರ ಅಪ್ಪ 2006ರಲ್ಲಿ ಹಾಕಿಸಿದ್ದ ಸಿಸಿಟಿವಿಯ ಟೇಪ್‌ಗಳಿಂದ ಆದದ್ದು. ಕಾರಿನ ಗಾಜು ಒಡೆಯುವವರು ಯಾರು ಅಂತ ಹಿಡಿಯಲು ಹಾಕಿಸಿದ ಕ್ಯಾಮೆರಾ ಅದು. ಅದರಲ್ಲಿ ಸಿಕ್ಕಿದ್ದು ಒಂದು ಬೇಸಿಗೆಯುದ್ದಕ್ಕೂ ಓಡಾಡಿದ ಓಣಿಯ ಜನ. ಇದಕ್ಕೆ ಬೇಕಾದರೆ ಧಾರಾಳವಾಗಿ 'ಫೌಂಡ್' ಅನ್ನಿ.

ಆದರೆ ಅವರ 2024ರ 'ಎ ಫಿದಾಯಿ ಫಿಲ್ಮ್' ವಿಷಯದಲ್ಲಿ ನಾನು ಒಪ್ಪಲಾರೆ. 1982ರಲ್ಲಿ ಬೈರೂತಿಗೆ ನುಗ್ಗಿದ ಇಸ್ರೇಲಿ ಸೇನೆ ಅಲ್ಲಿನ ಪ್ಯಾಲೆಸ್ಟೀನ್ ಸಂಶೋಧನಾ ಕೇಂದ್ರದ ಸಂಗ್ರಹವನ್ನು ಹೊತ್ತುಕೊಂಡು ಹೋಯಿತು. ಒಂದು ಜನಾಂಗದ ನೆನಪಿನ ಪೆಟ್ಟಿಗೆ ಅದು. ಆ ಲೂಟಿಯ ಹಿನ್ನೆಲೆಯಲ್ಲಿ, ಇನ್ನೊಬ್ಬರ ಕೈಯಲ್ಲಿರುವ ತಮ್ಮ ಜನರ ದೃಶ್ಯಗಳನ್ನು ಅಲ್ಜಾಫರಿ ಮತ್ತೆ ತಮ್ಮದಾಗಿಸಿಕೊಳ್ಳುತ್ತಾರೆ. ಅವುಗಳ ಮೇಲಿದ್ದ ಬರಹಗಳಿಗೆ ಕೆಂಪು ಬಳಿಯುತ್ತಾರೆ. ಮನೆಯಿಂದ ಕದ್ದೊಯ್ದ ಪಾತ್ರೆ ಇನ್ನೊಬ್ಬರ ಅಡುಗೆಮನೆಯಲ್ಲಿ ಕಂಡು, ಅದನ್ನು ವಾಪಸ್ ತಂದವರು 'ಪಾತ್ರೆ ಸಿಕ್ಕಿತು' ಅಂತ ಹೇಳಿ ಸುಮ್ಮನಾಗುತ್ತಾರಾ? 'ಬಿಡಿಸಿಕೊಂಡು ಬಂದೆ' ಅಂತಾರೆ. ಈ ಚಿತ್ರಕ್ಕೆ 'ಬಿಡಿಸಿಕೊಂಡು ತಂದ ದೃಶ್ಯಗಳು' ಅಂತಲೇ ಬರೆಯಿರಿ.