ಅರಿಶಿನ ಬಿಡಿ, ಒತ್ತಿ ಹಿಡಿಯಿರಿ

ಕಲಬುರಗಿ ಕೋಟೆಯ ಬಾರಾ ಗಜಿ ತೋಪಿನ ಮುಂದೆ ನಿಂತವರೆಲ್ಲ ಕೇಳುವುದು ಅದರ ಉದ್ದ. 29 ಅಡಿ, ಸರಿ. ತೋಪು, ಕೋವಿಗಳ ಏಟು ತಿಂದವರ ಗತಿ ಏನಾಗುತ್ತಿತ್ತು ಅಂತ ಕೇಳುವವರು ಕಡಿಮೆ.

16ನೇ ಶತಮಾನದ ಯುರೋಪಿನಲ್ಲಂತೂ ಘೋರ. ಕೋವಿಮದ್ದಿನಲ್ಲಿ ವಿಷ ಇದೆ ಎಂದು ನಂಬಿದ್ದ ವೈದ್ಯರು ಗುಂಡಿನ ಗಾಯಕ್ಕೆ ಕುದಿಯುವ ಎಣ್ಣೆ ಸುರಿಯುತ್ತಿದ್ದರು. 1537ರಲ್ಲಿ ಇಟಲಿಯ ಟ್ಯೂರಿನ್ ಕಡೆಯ ಯುದ್ಧದಲ್ಲಿ ಆಂಬ್ರಾಸ್ ಪಾರೆ ಎಂಬ ಫ್ರೆಂಚ್ ಶಸ್ತ್ರವೈದ್ಯನ ಬಳಿ ಎಣ್ಣೆ ಮುಗಿದುಹೋಯಿತು. ಬೇರೆ ದಾರಿ ಕಾಣದೆ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲಸಿ ಹಚ್ಚಿದ. ಇವರೆಲ್ಲ ವಿಷವೇರಿ ಸಾಯುತ್ತಾರೆ ಎಂಬ ಭಯದಲ್ಲಿ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ನೋಡಿದರೆ ಅವರಿಗೇ ಆರಾಮ. ಎಣ್ಣೆ ಸುರಿಸಿಕೊಂಡವರು ಜ್ವರ, ಬಾವಿನಿಂದ ನರಳುತ್ತಿದ್ದರು.

ಆದರೂ ಸುರಿಯುವ ಚಟ ಹೋಗಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಎಣ್ಣೆಯ ಜಾಗಕ್ಕೆ ರೋಗಾಣು ಕೊಲ್ಲುವ ಔಷಧಿ ಬಂತು, ಅಷ್ಟೇ. ಆಗ ಫ್ರಾನ್ಸಿನ ಬುಲೋನ್‌ನಲ್ಲಿದ್ದ ಅಲೆಕ್ಸಾಂಡರ್ ಫ್ಲೆಮಿಂಗ್ (ಹೌದು, ಪೆನಿಸಿಲಿನ್ ಫ್ಲೆಮಿಂಗ್) ಅದನ್ನು ಪರೀಕ್ಷಿಸಿದರು. ಆಳವಾದ ಗಾಯದ ಸಂದುಗೊಂದಿನಲ್ಲಿ ಅಡಗಿದ ರೋಗಾಣುಗಳಿಗೆ ಮದ್ದು ತಲುಪುತ್ತಲೇ ಇರಲಿಲ್ಲ. ಅವುಗಳ ಜೊತೆ ಹೋರಾಡಬೇಕಾದ ಬಿಳಿ ರಕ್ತಕಣಗಳೇ ಸಾಯುತ್ತಿದ್ದವು!

ನಮ್ಮಲ್ಲಿ? ತೊಗರಿ ರಾಶಿ ಮಷೀನಿಗೆ ಕೈ ಸಿಕ್ಕರೆ ಇವತ್ತಿಗೂ ಅರಿಶಿನ, ಸುಣ್ಣ, ಚಹಾಪುಡಿ ಹುಡುಕುತ್ತಾ ಓಡಾಡುತ್ತಾರೆ. ಅಷ್ಟರಲ್ಲಿ ರಕ್ತ ಸುಮ್ನೆ ಹರಿದುಹೋಗುತ್ತಿರುತ್ತದೆ.

ರಕ್ತ ನಿಲ್ಲಿಸುವ ಸಾಮಾನು ರಕ್ತದಲ್ಲೇ ಇದೆ. ನಾಳ ಹರಿದ ಕೂಡಲೇ ಪ್ಲೇಟ್‌ಲೆಟ್‌ ಎಂಬ ಪುಟ್ಟ ರಕ್ತಕಣಗಳು ಅಲ್ಲಿಗೆ ಬಂದು ಅಂಟಿಕೊಳ್ಳುತ್ತವೆ. ಅವುಗಳ ಸುತ್ತ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳ ಬಲೆ ಹೆಣೆದುಕೊಳ್ಳುತ್ತದೆ. ಇದು ಗಟ್ಟಿಯಾಗಲು ಕೆಲವು ನಿಮಿಷ ಬೇಕು. ಮಳೆಗಾಲದಲ್ಲಿ ಹೊಲದ ಒಡ್ಡು ಒಡೆದಿದ್ದು ನೋಡಿದ್ದೀರಲ್ವಾ? ನೀರಿನ ರಭಸ ಇಳಿಯುವವರೆಗೆ ಎಷ್ಟು ಮಣ್ಣು ಹಾಕಿದರೂ ಕೊಚ್ಚಿಹೋಗುತ್ತದೆ. ದೊಡ್ಡ ನಾಳ ಹರಿದಾಗ ಪ್ಲೇಟ್‌ಲೆಟ್‌ಗಳ ಪಾಡೂ ಅದೇ. ಗಾಯದ ಮೇಲೆ ಬಟ್ಟೆ ಇಟ್ಟು ಜೋರಾಗಿ ಒತ್ತಿದರೆ ಆ ರಭಸ ಇಳಿಯುತ್ತದೆ. ನಿಂತಿತಾ ಅಂತ ಮತ್ತೆ ಮತ್ತೆ ಎತ್ತಿ ನೋಡಿದರೆ ಕಟ್ಟಿದ ಹೆಪ್ಪೂ ಕಿತ್ತುಬರುತ್ತದೆ. ಬಟ್ಟೆ ತೊಯ್ದರೆ ಮೇಲೊಂದು ಇಟ್ಟು ಇನ್ನೂ ಒತ್ತಿ.

2001ರಿಂದ 2011ರವರೆಗೆ ಯುದ್ಧದಲ್ಲಿ ಸತ್ತ 4,596 ಅಮೆರಿಕನ್ ಸೈನಿಕರ ದಾಖಲೆಗಳನ್ನು ವೈದ್ಯರು ತೆಗೆದು ನೋಡಿದರು. ಆಸ್ಪತ್ರೆ ಮುಟ್ಟುವ ಮೊದಲೇ ಸತ್ತ, ಆದರೆ ಉಳಿಸಬಹುದಾಗಿದ್ದವರಲ್ಲಿ ಶೇ 91ರಷ್ಟು ಜನರ ಸಾವಿಗೆ ಕಾರಣ ರಕ್ತಸ್ರಾವ. ಈಗ ಸೈನಿಕರ ಕಿಟ್‌ನಲ್ಲೇ ಬಿಗಿಯುವ ಪಟ್ಟಿ, ಅಂದರೆ ಟೂರ್ನಿಕೆ ಇರುತ್ತದೆ. ಕೈಕಾಲಿನ ರಕ್ತ ಒತ್ತಿದರೂ ನಿಲ್ಲದಿದ್ದಾಗ ಮಾತ್ರ ಅದು ಬೇಕು. ಗಾಯಕ್ಕಿಂತ ಮೇಲೆ ಬಿಗಿದು, ಕಟ್ಟಿದ ಸಮಯ ಬರೆಯಬೇಕು. ಇದನ್ನು ಓದಿ ಹಾವು ಕಚ್ಚಿದವರಿಗೆ ಹಗ್ಗ ಬಿಗಿಯಲು ಹೋಗಬೇಡಿ ಮತ್ತೆ!